ಎದೆತಾವ ನಿಂತ ತುತ್ತು

ಟೈ ಕಟ್ಟಿಕೊಳ್ಳಬೇಕೋ ಬೇಡವೋ ಎಂಬುದೇ ಸೇತುರಾಮನಿಗೆ ತೀರ್ಮಾನವಾಗಲಿಲ್ಲ. ಕಟ್ಟಿಕೊಂಡು ಹೋದರೆ ಡಾಕ್ಟರ್ ಲಕ್ಷ್ಮೀಪತಿಯವರ ಕ್ಲಿನಿಕ್ಕಿನಲ್ಲಿ ಅವನು ಔಷಧಿ ಕಂಪನಿಯ ರೆಪ್ಪು. ಕಟ್ಟಿಕೊಳ್ಳದೆ ಹೋದರೆ ಮುನಿತಾಯಮ್ಮನ ಜೊತೆಗೆ ಬಂದ ಯಾರೋ ಒಬ್ಬ. ಈ ಹೊತ್ತು ಎರಡೂ ಅವನಿಗೆ ಬೇಡವಾಗಿತ್ತು. ಗೋಡೆಗೆ ತೂಗುಹಾಕಿದ ಕನ್ನಡಿಯೆದುರು ನಿಂತು ಗಂಟು ಹಾಕಿದ, ಬಿಚ್ಚಿದ, ಮತ್ತೆ ಹಾಕಿದ. ಒಳಗಿನಿಂದ ಪ್ರಭಾ, 'ಇನ್ನೂ ಆಗ್ಲಿಲ್ವೇನ್ರೀ? ಆಗ್ಲಿಂದ ಆಟೋ ಬಂದು ನಿಂತಿದೆ, ಪಾಪ ಅವರು ಕಾಯ್ತಾ ಇದಾರೆ' ಎಂದಳು. ಹೆಂಡತಿಯ ಆ 'ಪಾಪ' ಎಂಬ ಮಾತು ಅವನ ಕಿವಿಯಲ್ಲಿ ಉಳಿಯಿತು. ಕಿಟಕಿಯಾಚೆ ಕೊಟ್ಟಿಗೆಯ ಹತ್ತಿರ ಮುನಿತಾಯಮ್ಮ ನಿಂತಿದ್ದಳು. ಮದುವೆಗೆ ಹೊರಟವಳ ಹಾಗೆ ಒಳ್ಳೆ ಸೀರೆ ಉಟ್ಟು, ಹಸುವಿನ ಕತ್ತಿನ ಕೆಳಗಿನ ಗಂಗೆದೊಗಲು ಸವರುತ್ತಾ ಅದಕ್ಕೆ ಏನೋ ಹೇಳುತ್ತಿದ್ದಳು. ರವಿಕೆಯ ತೋಳಿನೊಳಗೆ ಇನ್ನೊಂದು ಕೈ ಹೋಗುವಷ್ಟು ಜಾಗವಿತ್ತು. ಇದು ಯಾವಾಗ ಹೀಗಾಯಿತು? ದಿನಾ ಬೆಳಿಗ್ಗೆ ಇದೇ ಕಿಟಕಿಯಿಂದ ನೋಡುತ್ತಿದ್ದೆನಲ್ಲ! ಆಕೆಯ ಮಗ ಕೆಂಚಪ್ಪ ಫ್ಯಾಕ್ಟರಿಗೆ ರಜಾ ಹಾಕಿ, ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು ಬಾಗಿಲಿಗೆ ಬಂದು, 'ಸಾರ್, ನೀವು ಬಂದ್ರೆ ನಮಗೊಂದು ಧೈರ್ಯ. ಡಾಕ್ಟ್ರು ಇಂಗ್ಲೀಷಲ್ಲಿ ಏನಾದ್ರೂ ಅಂದ್ರೆ ನಮಗೆಲ್ಲಿ ತಿಳೀತದೆ' ಎಂದ. ನಿನ್ನೆ ಮುನಿತಾಯಮ್ಮನಿಗೆ ಸುಣ್ಣದ ತಿಳಿಯಂಥ ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆದಿದ್ದರು. ಇವತ್ತು ಅದನ್ನು ನೋಡಿ ಹೇಳುತ್ತಾರೆ. ಸೇತುರಾಮ ಟೈ ಕಟ್ಟಿಕೊಂಡೇ ಹೊರಟ. ಕೈಗೆ ಅಭ್ಯಾಸವಾಗಿದ್ದ ಬ್ಯಾಗನ್ನೂ ತೆಗೆದುಕೊಂಡ.

ಆಟೋದಲ್ಲಿ ತಾಯಿ ಮಗ ಮುಂದೆ, ಸ್ಕೂಟರಿನಲ್ಲಿ ಇವನು ಹಿಂದೆ. ಬಸವೇಶ್ವರನಗರದ ಹೊಸ ರಸ್ತೆಗಳಲ್ಲಿ ಜಲ್ಲಿ ಸುರಿದು ಬಿಟ್ಟಿದ್ದರು, ಟಾರು ಇನ್ನೂ ಬಂದಿರಲಿಲ್ಲ. ಈ ಜಲ್ಲಿಯ ಕೆಳಗೆ ಎಲ್ಲೋ ಮುನಿತಾಯಮ್ಮನ ರಾಗಿ ಹೊಲವಿತ್ತು, ಬಡಾವಣೆಗೆ ಹೋಯಿತು. ಉಳಿದ ಜಾಗದಲ್ಲಿ ಮನೆ ಕಟ್ಟಿಸಿ ಎರಡು ಪೋರ್ಷನ್ ಬಾಡಿಗೆಗೆ ಬಿಟ್ಟಿದ್ದರು, ಅದರಲ್ಲೊಂದಕ್ಕೆ ಸೇತುರಾಮ ಬಂದು ಮೂರು ವರ್ಷವಾಯಿತು. ಬಂದ ಮೊದಲ ವಾರವೇ ಕೆಂಚಪ್ಪನ ಮಗುವಿಗೆ ಜ್ವರ ಬಂದಾಗ ಬ್ಯಾಗಿನಿಂದ ಒಂದು ಸ್ಯಾಂಪಲ್ ಸಿರಪ್ಪು ತೆಗೆದುಕೊಟ್ಟಿದ್ದ. ಜ್ವರ ಬಿಟ್ಟಿತು, ಕೊಡದಿದ್ದರೂ ಬಿಡುತ್ತಿತ್ತು. ಮಾರನೆಯ ದಿನದಿಂದ ಮುನಿತಾಯಮ್ಮನಿಗೆ ಇವನು ಡಾಕ್ಟ್ರಪ್ಪ. 'ನಾನು ಡಾಕ್ಟ್ರಲ್ಲಮ್ಮ, ಔಷಧಿ ಕಂಪ್ನಿಯೋನು' ಎಂದು ಎರಡು ಸಲ ಹೇಳಿದ. ಮೂರನೇ ಸಲ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಅಂತ ಯಾರಾದರೂ ಕೇಳಿದ್ದರೆ, ಪಾಪ ಹಳೇ ಕಾಲದೋರು, ಎಷ್ಟು ಸಲ ತಿದ್ದೋದು ಎಂದು ನಕ್ಕುಬಿಡುತ್ತಿದ್ದ. ಸುಳ್ಳು. ಚೆನ್ನಾಗಿತ್ತು, ಅದಕ್ಕೇ ಹೇಳಲಿಲ್ಲ. ಪಿಯುಸಿಯಲ್ಲಿ ಎಂಟು ಮಾರ್ಕು ಕಡಿಮೆಯಾಗಿ ಮೆಡಿಕಲ್ ಸೀಟು ತಪ್ಪಿದವನು, ಹೋದ ಹೋದ ಕ್ಲಿನಿಕ್ಕಿನಲ್ಲಿ ಚಪ್ಪಲಿ ಬಿಡುವ ಜಾಗದ ಪಕ್ಕ ನಿಲ್ಲಿಸಿಕೊಂಡವನು, ತನಗಿಂತ ಚಿಕ್ಕವರಾದ ಡಾಕ್ಟರುಗಳಿಗೆ ದಿನಕ್ಕೆ ಹತ್ತು ಸಲ ಹಲ್ಲು ಕಿರಿಯುವವನು, ಸಂಜೆ ಮನೆಗೆ ಬಂದರೆ ಒಬ್ಬಾಕೆ ಎದ್ದು ನಿಂತು, ಸೆರಗು ಸರಿಮಾಡಿಕೊಂಡು, 'ಡಾಕ್ಟ್ರಪ್ಪ ಬಂದ್ರು, ಕುರ್ಚಿ ಹಾಕ್ರಮ್ಮಿ' ಎನ್ನುತ್ತಿದ್ದಳು. ಯಾವನಿಗೆ ಬೇಡ ಅದು?

ಆಕೆ ಮೊದಲು ಬಂದು ಕೇಳಿದ್ದು ಅವರೆಕಾಯಿ ಕಾಲದಲ್ಲಿ. ಹಿತಕಿದ ಬೇಳೆ ಸಾರಿನ ಪಾತ್ರೆಯನ್ನು ಹೊಸ್ತಿಲ ಮೇಲಿಟ್ಟು, ಪ್ರಭಾ ಒಳಗೆ ಹೋಗುವುದನ್ನೇ ಕಾದಿದ್ದು, 'ಮುದ್ದೆ ಇಳೀತಿಲ್ಲ ಕಣಪ್ಪ' ಎಂದಳು. ಎದೆಯ ನಡುವೆ ಎರಡು ಬೆರಳು ಇಟ್ಟು ತೋರಿಸಿದಳು. 'ಇಲ್ಲೀಗಂಟ ಬತ್ತದೆ. ಎದೆತಾವ ಬಂದು ನಿಂತ್ಕೊಂಡ್ಬುಡ್ತದೆ. ಒಂದು ಲೋಟ ನೀರು ಕುಡುದ್ರೆ ಆಮ್ಯಾಕೆ ಹಂಗೇ ಜಾರ್ತದೆ.' ಸೇತುರಾಮ ಜನ್ಮದಲ್ಲಿ ಮುದ್ದೆ ನುಂಗಿದವನಲ್ಲ. ಒಮ್ಮೆ ಕೆಂಚಪ್ಪನ ಮನೆಯ ಹಬ್ಬದಲ್ಲಿ ಮರ್ಯಾದೆಗೆ ಎಲೆಯ ಮುಂದೆ ಕೂತು, ಅಗಿಯಲು ಹೋಗಿ ಹಲ್ಲಿಗೆ ಮೆತ್ತಿಕೊಂಡಾಗ ಎಲ್ಲರೂ ನಕ್ಕಿದ್ದರು. ಅದನ್ನು ಅಗಿಯುವುದಿಲ್ಲ. ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ನಾಲಿಗೆಯ ಮೇಲಿಟ್ಟು, ಗಂಟಲಿಗೆ ಬಿಟ್ಟುಬಿಡಬೇಕು. ಐವತ್ತೈದು ವರ್ಷ ಹಾಗೆ ದಿನಕ್ಕೆ ಎರಡು ಹೊತ್ತು ನುಂಗಿದ ಹೆಂಗಸು ಬಂದು ಇಳೀತಿಲ್ಲ ಎಂದರೆ ಆ ಮಾತಿಗೆ ಎಷ್ಟು ತೂಕವಿರಬೇಕು! ಅಕ್ಕ ಪಕ್ಕದ ಯಾವ ರಾಗಿ ಉಣ್ಣುವ ಮನೆಯವರಿಗೆ ಹೇಳಿದ್ದರೂ, ಅಯ್ಯೋ ನಡಿಯಮ್ಮ ಆಸ್ಪತ್ರೆಗೆ ಎನ್ನುತ್ತಿದ್ದರು. ಇವನಿಗೆ ಅದು ತಿಳಿಯಲಿಲ್ಲ. ಇವನಿಗೆ ತಿಳಿದಿದ್ದುದು ಬೇರೆ. ಆ ತಿಂಗಳಷ್ಟೇ ಕಂಪನಿ ಹೊಸ ಮಾತ್ರೆಯೊಂದನ್ನು ಮಾರ್ಕೆಟ್ಟಿಗೆ ಬಿಟ್ಟಿತ್ತು. ಮೆಟೊಕ್ಲೊಪ್ರಮೈಡ್ ಎಂಬ ಔಷಧಿ. ಹೋಟೆಲಿನ ಸಭಾಂಗಣದಲ್ಲಿ ಮೂವತ್ತು ಜನ ರೆಪ್ಪುಗಳನ್ನು ಕೂರಿಸಿ ಮೂರು ದಿನ ಬಾಯಿಪಾಠ ಮಾಡಿಸಿದ್ದರು. ಅನ್ನನಾಳವೆಂದರೆ ಬರೀ ಕೊಳವೆಯಲ್ಲ. ನುಂಗಿದ ತುತ್ತಿನ ಹಿಂದೆ ಅದು ಹಿಂಡುತ್ತಾ, ಮುಂದೆ ಸಡಿಲವಾಗುತ್ತಾ, ಅಲೆಅಲೆಯಾಗಿ ಕೆಳಗೆ ದೂಡುತ್ತದೆ. ಕೊನೆಯಲ್ಲಿ ಒಂದು ಬಾಗಿಲು, ತುತ್ತು ಬಂದರೆ ತೆರೆದು, ಹೋದ ಮೇಲೆ ಮುಚ್ಚುತ್ತದೆ. ಈ ಔಷಧಿ ಆ ಅಲೆಗೆ ಬಲ ಕೊಡುತ್ತದೆ, ಆ ಬಾಗಿಲನ್ನು ಬಿಗಿ ಮಾಡಿ ಹುಳಿ ಮೇಲಕ್ಕೆ ಬರದಂತೆ ತಡೆಯುತ್ತದೆ, ಹೊಟ್ಟೆಯಲ್ಲಿದ್ದದ್ದನ್ನು ಬೇಗ ಮುಂದಕ್ಕೆ ಕಳಿಸುತ್ತದೆ.

ಅಷ್ಟೆಲ್ಲವನ್ನೂ ಅವನು ಮುನಿತಾಯಮ್ಮನಿಗೆ ಹೇಳಿದ. ಬ್ಯಾಗಿನಿಂದ ಬಣ್ಣದ ಫೋಲ್ಡರು ತೆಗೆದು, ಕೆಂಪು ಬಾಣ ನೀಲಿ ಬಾಣಗಳ ಮೇಲೆ ಪೆನ್ನು ಆಡಿಸಿ ತೋರಿಸಿದ. ಡಾಕ್ಟರುಗಳು ಎರಡು ನಿಮಿಷ ಕೊಡುವುದೇ ಹೆಚ್ಚು, ಅದರಲ್ಲೂ ಗಡಿಯಾರ ನೋಡುತ್ತಿರುತ್ತಾರೆ. ಈಕೆ ಕೈಕಟ್ಟಿಕೊಂಡು, ಬಾಯಿ ಸ್ವಲ್ಪ ತೆರೆದು, ಪುರಾಣ ಕೇಳುವವಳಂತೆ ಕೇಳಿದಳು. ಅಷ್ಟು ಚೆನ್ನಾಗಿ ಆ ಮಾತನ್ನು ಅವನು ಅದಕ್ಕೆ ಮೊದಲೂ ಹೇಳಿರಲಿಲ್ಲ, ಆಮೇಲೂ ಹೇಳಲಿಲ್ಲ. ಫೋಲ್ಡರಿನ ಕೊನೆಯ ಪುಟವನ್ನು ಮಾತ್ರ ತಿರುಗಿಸಲಿಲ್ಲ. ಅದನ್ನು ಯಾರಿಗೂ ತೋರಿಸುವ ಪದ್ಧತಿಯಿಲ್ಲ. ಇರುವೆಯಂಥ ಅಕ್ಷರದಲ್ಲಿ ಯಾರಿಗೆ ಕೊಡಬಾರದು ಎಂದು ಅಲ್ಲಿ ಬರೆದಿರುತ್ತದೆ, ಡಾಕ್ಟರು ಕೇಳಿದರೆ ಮಾತ್ರ ಹೇಳಬೇಕು ಎಂದು ಮ್ಯಾನೇಜರು ಕಲಿಸಿದ್ದ. ಮುನಿತಾಯಮ್ಮ ಕೇಳಲಿಲ್ಲ. ಆಕೆ ಕೇಳಿದ್ದು ಒಂದೇ: 'ಕೆಂಚಪ್ಪಂಗೆ ಯೋಳ್ಬ್ಯಾಡಿ ಡಾಕ್ಟ್ರಪ್ಪ. ಗೊತ್ತಾದ್ರೆ ದೊಡ್ಡಾಸ್ಪತ್ರೆಗೆ ಎಳ್ಕೊಂಡೋಯ್ತಾನೆ. ಅವರಪ್ಪ ಹೊಟ್ಟೆನೋವು ಅಂತ ನಡ್ಕೊಂಡು ಹೋದೋರು, ಚಟ್ಟದ ಮ್ಯಾಲೆ ಬಂದ್ರು. ನಂಗೆ ಆ ಕತ್ತರಿ ಚಾಕು ಬ್ಯಾಡ.' ಸೇತುರಾಮ ದೊಡ್ಡ ಮನಸ್ಸು ಮಾಡಿದವನಂತೆ ಆಯಿತು ಎಂದು, ದಿನಕ್ಕೆ ಮೂರರಂತೆ ಆ ಮಾತ್ರೆ ಕೊಟ್ಟ. ಸ್ಯಾಂಪಲ್ ಮಾತ್ರೆಯ ಪಟ್ಟಿಗಳನ್ನು ಯಾವ ಡಾಕ್ಟರಿಗೆ ಕೊಟ್ಟೆ ಎಂದು ಕಂಪನಿಗೆ ಬರೆದು ಕಳಿಸಬೇಕು. ಮುನಿತಾಯಮ್ಮನಿಗೆ ಕೊಟ್ಟದ್ದನ್ನೆಲ್ಲ ಅವನು ಡಾಕ್ಟರ್ ಲಕ್ಷ್ಮೀಪತಿಯವರ ಹೆಸರಿನಲ್ಲಿ ಬರೆದ, ಹೆಚ್ಚು ರೋಗಿಗಳು ಬರುವ ಜಾಗವೆಂದು.

ಈಗ ಅದೇ ಡಾಕ್ಟರ್ ಲಕ್ಷ್ಮೀಪತಿಯವರ ರಾಜಾಜಿನಗರದ ಕ್ಲಿನಿಕ್ಕು. ಸ್ಕೂಟರಿಗೆ ಸ್ಟ್ಯಾಂಡು ಹಾಕಿ ಒಳಗೆ ಕಾಲಿಡುವಷ್ಟರಲ್ಲಿ ಚೀಟಿ ಕೊಡುವ ಹುಡುಗಿ ಕೋಕಿಲಾ, 'ಸಾರ್, ರೆಪ್ಪುಗಳಿಗೆ ಒಂದೂವರೆ ಮೇಲೆ. ಎಷ್ಟು ಸಲ ಹೇಳೋದು ನಿಮಗೆಲ್ಲ' ಎಂದಳು. 'ಇಲ್ಲಮ್ಮ, ಪೇಷೆಂಟ್ ಜೊತೆ ಬಂದಿದೀನಿ.' ಅವಳು ಟೈ ನೋಡಿದಳು, ಬ್ಯಾಗು ನೋಡಿದಳು, ಬೆಂಚಿನಲ್ಲಿ ಕೂತ ಮುನಿತಾಯಮ್ಮನನ್ನು ನೋಡಿದಳು. ನಂಬಲಿಲ್ಲ. ಕೆಂಚಪ್ಪ ಎದ್ದು, 'ಹೌದಮ್ಮ, ಸಾರು ನಮ್ಮೋರು' ಎಂದು ಸಾಕ್ಷಿ ಹೇಳಬೇಕಾಯಿತು. ಬೆಂಚಿನಲ್ಲಿ ಜಾಗ ಮಾಡಿಕೊಟ್ಟು ಮುನಿತಾಯಮ್ಮ, 'ಕೂತ್ಕಳ್ಳಿ ಡಾಕ್ಟ್ರಪ್ಪ' ಎಂದಳು. ಪಕ್ಕದಲ್ಲಿದ್ದ ಇಬ್ಬರು ತಿರುಗಿ ನೋಡಿದರು. ಕಿವಿ ಬಿಸಿಯಾಯಿತು. ಮೆಲ್ಲಗೆ ಮಾತಾಡಬಾರದೇ ಈ ಮುದುಕಿ ಎಂದು ಒಂದು ಕ್ಷಣ ಸಿಟ್ಟು ಬಂತು, ಅದರ ಬೆನ್ನಿಗೇ ತನ್ನ ಮೇಲೆ ಅಸಹ್ಯವಾಯಿತು. ಆಕೆ ಸೆರಗಿನ ತುದಿಯನ್ನು ಆಗಾಗ ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ಎಂಜಲನ್ನೂ ನುಂಗಲಾರದೆ ಒರೆಸಿಕೊಳ್ಳುತ್ತಿದ್ದಾಳೆ ಎಂದು ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. 

ಮೊದಲ ತಿಂಗಳು ಗುಣವಾಗಿತ್ತು, ಅದನ್ನಾದರೂ ಒಪ್ಪಬೇಕು. ಆ ಮಾತ್ರೆಗೆ ವಾಂತಿ ತಡೆಯುವ ಗುಣವೂ ಇದೆ. ಹೊಟ್ಟೆ ತೊಳಸುವುದು ನಿಂತಿತು, ಆಕೆಗೆ ಹಗುರವಾಯಿತು. 'ನಿಮ್ಮ ಕೈಗುಣ' ಎಂದು ಹಾಲಿನ ಚೊಂಬು ತಂದಿಟ್ಟಳು. ಆ ರಾತ್ರಿ ಅವನು ಪ್ರಭಾಗೆ, 'ನೋಡು, ಡಾಕ್ಟರುಗಳು ಮಾಡೋದು ಇಷ್ಟೇ' ಎಂದಿದ್ದ. ಆಮೇಲೆ ಮುದ್ದೆ ಬಿಟ್ಟು ಅನ್ನಕ್ಕೆ ಬಂದಳು. ಅನ್ನ ಬಿಟ್ಟು ಗಂಜಿಗೆ ಬಂದಳು. ಬಂದದ್ದು ಇವನಿಗೆ ಗೊತ್ತೇ ಆಗಲಿಲ್ಲ. ದಿನಾ ಸಂಜೆ ಸ್ಕೂಟರು ಒಳಗೆ ತಳ್ಳುತ್ತಾ, 'ಹೇಗಿದೆಯಮ್ಮ?' ಎನ್ನುತ್ತಿದ್ದ. 'ಪರವಾಗಿಲ್ಲ ಕಣಪ್ಪ.' ಅಷ್ಟು ಸಾಕಾಗಿತ್ತು ಅವನಿಗೆ. ಮಾತ್ರೆ ಮೂರರಿಂದ ನಾಲ್ಕು ಮಾಡಿದ. ಆಕೆ ಯಾವತ್ತೂ ಎಲ್ಲರದೂ ಆದ ಮೇಲೆ ಕೊಟ್ಟಿಗೆಯ ಜಗಲಿಯಲ್ಲಿ ಒಬ್ಬಳೇ ಕೂತು ಉಣ್ಣುವವಳು, ಯಾರೂ ನೋಡುವುದಿಲ್ಲ. ಒಂದು ದಿನ ಗೋಡೆಯಾಚೆ ದೊಡ್ಡ ಜಗಳವಾಯಿತು. ಕೆಂಚಪ್ಪನ ಹೆಂಡತಿ ಯಶೋದಮ್ಮ, 'ನಾನು ಕಟ್ಟಿದ ಮುದ್ದೇನ ಹಸೂಗೆ ಹಾಕ್ತಾಳೆ ನಿಮ್ಮವ್ವ, ನನ್ನ ಕೈಯಡುಗೆ ಅಷ್ಟು ಕೆಟ್ಟೋಯ್ತಾ' ಎಂದು ಅಳುತ್ತಿದ್ದಳು. ಮುನಿತಾಯಮ್ಮ ಸೊಸೆಯನ್ನು ಅವಮಾನ ಮಾಡಿದೆನೆಂಬ ಅಪವಾದ ಹೊತ್ತುಕೊಂಡಳೇ ಹೊರತು ಗಂಟಲಲ್ಲಿ ಇಳಿಯುತ್ತಿಲ್ಲ ಎಂದು ಬಾಯಿಬಿಡಲಿಲ್ಲ. ಗೋಡೆಯ ಈಚೆ ಸೇತುರಾಮ ಹುಳಿಯನ್ನ ಕಲಸುತ್ತಾ, 'ಅದಕ್ಕೇ ಆ ಹಸು ಹಾಗೆ ಕೊಬ್ಬಿರೋದು' ಎಂದಿದ್ದ. ಪ್ರಭಾ ನಕ್ಕಳು. ಅವನೂ ನಕ್ಕ. ಇಷ್ಟು ಹತ್ತಿರ ಕೂತು ಅಷ್ಟು ಜೋರಾಗಿ ನಕ್ಕೆವಲ್ಲ, ಆಕೆಗೆ ಕೇಳಿಸಿರುತ್ತದೆಯೇ?

ಆಷಾಢದಲ್ಲಿ ಆಕೆಗೆ ಕೂತಲ್ಲಿ ಕೂರಲಾಗದ ಚಡಪಡಿಕೆ ಶುರುವಾಯಿತು. ಅಂಗಳದ ಆ ತುದಿಯಿಂದ ಈ ತುದಿಗೆ ನಡೆಯುವಳು, ಕೂತರೆ ಕಾಲು ತಾನಾಗಿ ಕುಣಿಯುವುದು, ಮತ್ತೆ ಏಳುವಳು. ಗಾಳಿ ಸೋಕಿದೆ ಎಂದರು. ಪಟಾಲಮ್ಮನ ಗುಡಿಗೆ ಕರೆದುಕೊಂಡು ಹೋಗಿ ತಾಯತ ಕಟ್ಟಿಸಿ ತಂದರು. ಸೇತುರಾಮನಿಗೆ ಗೊತ್ತಿತ್ತು. ಅದು ಗಾಳಿಯಲ್ಲ, ಮಾತ್ರೆ. ಕೊನೆಯ ಪುಟದಲ್ಲಿ ಮೂರನೇ ಸಾಲಿನಲ್ಲಿ ಇತ್ತು. ಅವತ್ತು ಅವನು ಬಾಗಿಲು ಹಾಕಿಕೊಂಡು ಆ ಪುಟವನ್ನು ಪೂರ್ತಿ ಓದಿದ. ಅನ್ನದ ದಾರಿಯಲ್ಲಿ ಎಲ್ಲಾದರೂ ಅಡ್ಡಿ ಬೆಳೆದಿರುವ ಸಂದೇಹವಿದ್ದರೆ ಕೊಡತಕ್ಕದ್ದಲ್ಲ ಎಂಬ ಸಾಲು ಮೂರನೆಯದರ ಮೇಲೆಯೇ ಇತ್ತು. ಓದಿದ. ಓದಿ ಏನು ಮಾಡಿದೆ? ನಾಲ್ಕು ಮಾತ್ರೆಯನ್ನು ಎರಡು ಮಾಡಿದೆ. ವಾರದಲ್ಲಿ ಚಡಪಡಿಕೆ ನಿಂತಿತು, ಪಟಾಲಮ್ಮ ಕಾಪಾಡಿದಳು ಎಂದು ಎಲ್ಲರೂ ಕೈಮುಗಿದರು. ಇವನೂ ಪ್ರಸಾದ ಕಣ್ಣಿಗೊತ್ತಿಕೊಂಡ. ಆವತ್ತೇ, ಆ ಆಷಾಢದಲ್ಲೇ, ಕೆಂಚಪ್ಪನನ್ನು ಪಕ್ಕಕ್ಕೆ ಕರೆದು ಹೇಳಿದ್ದರೆ! ಹೇಳಿದರೆ ಐದು ತಿಂಗಳು ಯಾಕೆ ಸುಮ್ಮನಿದ್ದಿರಿ ಎಂದು ಕೇಳುತ್ತಿದ್ದ. ಅದೊಂದು ಪ್ರಶ್ನೆಗೆ ಹೆದರಿ ಇನ್ನೂ ನಾಲ್ಕು ತಿಂಗಳು ಸುಮ್ಮನಿದ್ದ. ಹದಿನೈದು ದಿನದ ಹಿಂದೆ ಆಕೆ ಕೊಟ್ಟಿಗೆಯಲ್ಲಿ ಸುಸ್ತಾಗಿ ಬಿದ್ದು, ಬಾಯಿಗೆ ಬಿಟ್ಟ ನೀರೂ ವಾಪಸು ಬಂದಾಗಲೇ ಎಲ್ಲರಿಗೂ ತಿಳಿದದ್ದು.

'ಮುನಿತಾಯಮ್ಮ' ಎಂದು ಕೋಕಿಲಾ ಕರೆದಳು. ಮೂವರೂ ಒಳಗೆ ಹೋದರು. ಡಾಕ್ಟರ್ ಲಕ್ಷ್ಮೀಪತಿ ತಲೆಯೆತ್ತಿ ಮೊದಲು ನೋಡಿದ್ದು ಇವನನ್ನು. 'ಏನಯ್ಯಾ ಸೇತುರಾಮ್, ಬೆಳಿಗ್ಗೇನೇ ಬಂದುಬಿಟ್ಟೆ? ಏನು ಹೊಸದು ಇವತ್ತು?' 'ಇಲ್ಲ ಸಾರ್, ಇವರು ನಮ್ಮ ಓನರ್ರು.' 'ಓಹೋ, ಸರಿ ಸರಿ, ನಿಂತ್ಕೋ' ಎಂದರು. ಇದ್ದ ಎರಡು ಕುರ್ಚಿಯಲ್ಲಿ ತಾಯಿ ಮಗ ಕೂತಿದ್ದರು. ಡಾಕ್ಟರು ಎಕ್ಸ್‌ರೇ ಫಿಲ್ಮನ್ನು ಗೋಡೆಯ ದೀಪದ ಪೆಟ್ಟಿಗೆಗೆ ಸಿಕ್ಕಿಸಿ ಸ್ವಿಚ್ಚು ಹಾಕಿದರು. ಕರಿಯ ಫಿಲ್ಮಿನಲ್ಲಿ ಬೆನ್ನುಮೂಳೆಯ ಪಕ್ಕ ಬೆಳ್ಳಗೆ ಒಂದು ದಾರಿ, ಮೇಲೆ ಚೀಲದಂತೆ ಹಿಗ್ಗಿ, ಕೆಳಗೆ ಬರುತ್ತಾ ಇಲಿ ಕಚ್ಚಿದ ಹಾಗೆ ಅಂಚು ಹರಿದು, ಕೊನೆಗೆ ಹೊಲಿಗೆ ದಾರದಷ್ಟಾಗಿತ್ತು. ಫೋಲ್ಡರಿನ ಚಿತ್ರದಲ್ಲಿ ಕೆಂಪು ಬಾಣವಿದ್ದ ಜಾಗವೇ ಅದು. ಸೇತುರಾಮನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

'ಎಷ್ಟು ದಿವಸದಿಂದಮ್ಮ ಊಟ ಇಳೀತಿಲ್ಲ?' ಎಂದರು ಡಾಕ್ಟರು. ಮುನಿತಾಯಮ್ಮ ಸೆರಗು ತೆಗೆದು, 'ಒಂದು ತಿಂಗಳಾಯ್ತೇನೋ ಸಾಮಿ' ಎಂದಳು. 'ಒಂದು ತಿಂಗಳಿಗೆ ಹೀಗಾಗಲ್ಲ. ನಿಜ ಹೇಳಿ. ಯಾವ ಡಾಕ್ಟರ ಹತ್ರ ತೋರಿಸ್ತಿದ್ರಿ? ಏನು ಮಾತ್ರೆ ಕೊಟ್ಟಿದ್ರು?' ಸೇತುರಾಮ ಬ್ಯಾಗನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡ. ಈಗ ಹೇಳುತ್ತಾಳೆ. ಹೇಳಿಬಿಡಲಿ. ತಿರುಗಿ, ಇವರೇ ಸಾಮಿ ಎಂದು ಬೆರಳು ತೋರಿಸಲಿ, ಮುಗಿದುಹೋಗಲಿ. ಮುನಿತಾಯಮ್ಮ ತಿರುಗಲೇ ಇಲ್ಲ. 'ಯಾರ್ತಾವೂ ಇಲ್ಲ ಸಾಮಿ. ಮಾತ್ರೆಗೀತ್ರೆ ಏನೂ ತಕ್ಕೊಂಡಿಲ್ಲ. ನಾನೇ ಅಸಡ್ಡೆ ಮಾಡ್ಬುಟ್ಟೆ' ಎಂದಳು. ಡಾಕ್ಟರ ಮುಂದೆ ತನ್ನ ಡಾಕ್ಟ್ರಪ್ಪನ ಮರ್ಯಾದೆ ಉಳಿಸುತ್ತಿದ್ದಳು. ಡಾಕ್ಟರು ಪೆನ್ನು ಮೇಜಿನ ಮೇಲೆ ಕುಕ್ಕಿದರು. 'ನಿಮ್ಮಂಥೋರಿಗೆ ಏನು ಹೇಳೋದು! ಪಕ್ಕದ ಬಡಾವಣೇಲೇ ಕ್ಲಿನಿಕ್ಕು, ಬರೋಕೇನು ಧಾಡಿ?' ಎಂದು ಕೆಂಚಪ್ಪನ ಕಡೆ ತಿರುಗಿ, 'ನೀನೇನಯ್ಯ ಮಗ? ತಾಯಿ ಉಣ್ತಾಳೋ ಬಿಡ್ತಾಳೋ ಅಂತ ಒಂದು ದಿನ ನೋಡಲಿಲ್ವಾ?' ಎಂದರು. ಕೆಂಚಪ್ಪ ತಲೆ ತಗ್ಗಿಸಿದ. ಆ ಇಸ್ತ್ರಿ ಶರ್ಟಿನ ಕಾಲರಿನ ಹಿಂದೆ ಅವನ ಕತ್ತು ಕೆಂಪಾಗಿದ್ದನ್ನು ಸೇತುರಾಮ ಹಿಂದಿನಿಂದ ನೋಡಿದ. ಒಂದು ಮಾತು. ಒಂದೇ ಮಾತು ಸಾಕಾಗಿತ್ತು. 'ಸಾರ್, ನಾನು ಕೊಟ್ಟಿದ್ದೆ.' ಇಷ್ಟೇ. ನಾಲಿಗೆ ಎತ್ತಿದ. ಈ ಕ್ಲಿನಿಕ್ಕಿಗೆ ಇನ್ನು ಕಾಲಿಡಲಾಗುವುದಿಲ್ಲ, ಕಂಪನಿಗೆ ಫೋನು ಹೋಗುತ್ತದೆ, ಕೆಲಸ ಹೋಗುತ್ತದೆ ಎಂಬುದೆಲ್ಲ ಒಂದಾದ ಮೇಲೊಂದು ತಲೆಯಲ್ಲಿ ಬಂತು. ನಾಲಿಗೆ ಇಳಿಸಿದ.

ಡಾಕ್ಟರು ಮುನಿತಾಯಮ್ಮನನ್ನು ಹೊರಗೆ ಕೂರಿಸಿ ಬರಲು ಕೋಕಿಲಾಗೆ ಹೇಳಿದರು. ಬಾಗಿಲು ಹಾಕಿದ ಮೇಲೆ ದನಿ ತಗ್ಗಿಸಿದರು. ಗಂಟು. ಕೆಟ್ಟ ಜಾತಿಯದು, ಹಬ್ಬಿಬಿಟ್ಟಿದೆ. ಆಪರೇಷನ್ನು ಈಗ ಸಾಧ್ಯವಿಲ್ಲ; ವರ್ಷದ ಮೊದಲಲ್ಲಿ ಬಂದಿದ್ದರೆ ಕತ್ತರಿಸಿ ತೆಗೆಯಬಹುದಿತ್ತು. ರೇಡಿಯೇಷನ್ ಕರೆಂಟು ಕೊಡಿಸಿದರೆ ಒಂದಿಷ್ಟು ದಿನ ನೀರು ಗಂಜಿ ಇಳಿಯಬಹುದು, ಆದರೆ ಈ ನಿತ್ರಾಣದಲ್ಲಿ ತಡೆದುಕೊಳ್ಳುತ್ತಾಳೋ ಇಲ್ಲವೋ. ಒಂದು ತಿಂಗಳು, ಹೆಚ್ಚೆಂದರೆ ಎರಡು. 'ಮಾತ್ರೆ ಏನಾದ್ರೂ ಇದ್ರೆ ಬರ್ಕೊಡಿ ಸಾರ್, ಎಲ್ಲಿದ್ರೂ ತರ್ತೀನಿ' ಎಂದ ಕೆಂಚಪ್ಪ. ಡಾಕ್ಟರು ಸೇತುರಾಮನ ಕಡೆ ನೋಡಿ, ತಮ್ಮ ಕಸುಬಿನವನೊಬ್ಬನಿಗೆ ಹೇಳುವ ಹಾಗೆ, 'ನೀನೇ ಹೇಳಯ್ಯ ಇವನಿಗೆ. ನಿನ್ನ ಆ ಹೊಸ ಮಾತ್ರೆ ಇದೆಯಲ್ಲ, ಗೋಡೆ ಕಟ್ಟಿದ ಬಾಗಿಲಿಗೆ ಹಿಂದಿನಿಂದ ಎಷ್ಟು ತಳ್ಳಿದರೆ ಏನು ಪ್ರಯೋಜನ?' ಎಂದರು. ಸೇತುರಾಮ, 'ಹೌದು ಸಾರ್' ಎಂದ. ಆ ಎರಡು ಮಾತು ಸ್ಪಷ್ಟವಾಗಿ ಹೊರಬಂದವು.

ಹೊರಗೆ ಆಟೋ ಹತ್ತಿಸುವಾಗ ಮುನಿತಾಯಮ್ಮ, 'ಏನಂತೆ?' ಎಂದು ಕೇಳಿದ್ದು ಮಗನನ್ನಲ್ಲ, ಇವನನ್ನು. 'ಹುಣ್ಣಾಗಿದೆಯಂತಮ್ಮ. ಮಾಯತ್ತಂತೆ' ಎಂದ. 'ನಾನು ಬಾಯಿಬಿಡ್ನಿಲ್ಲ' ಎಂದು ಆಕೆ ಅವನಿಗೆ ಮಾತ್ರ ಕೇಳುವಂತೆ ಹೇಳಿ, ಒಂದು ಒಳ್ಳೆ ಕೆಲಸ ಮಾಡಿದವಳಂತೆ ಕಣ್ಣಲ್ಲೇ ನಕ್ಕಳು. ಆಟೋ ಹೋಯಿತು. ಸೇತುರಾಮ ಮನೆಗೆ ಹೋಗಲಿಲ್ಲ. ವಿಜಯನಗರದಲ್ಲಿ ಅವತ್ತು ಐದು ಜನ ಡಾಕ್ಟರುಗಳನ್ನು ನೋಡುವುದಿತ್ತು, ನೋಡಿದ. ನಂಬುತ್ತೀರೋ ಇಲ್ಲವೋ, ನಾಲ್ಕು ಕಡೆ ಅದೇ ಮಾತು ಒಂದಕ್ಷರ ತಪ್ಪದೆ ಬಂತು, ಅಲೆ, ಬಾಗಿಲು, ವೇಗ. ಐದನೆಯ ಕಡೆ, ಬಾಪೂಜಿನಗರದ ತಿರುವಿನ ಒಬ್ಬ ವಯಸ್ಸಾದ ಡಾಕ್ಟರ ಮುಂದೆ, ಫೋಲ್ಡರಿನ ಕೊನೆಯ ಪುಟ ತಿರುಗಿಸಿ, 'ಸಾರ್, ಇದನ್ನ ಸ್ವಲ್ಪ ನೋಡಿ, ಅಡ್ಡಿ ಇರೋರಿಗೆ ಕೊಡಬಾರದು, ವಯಸ್ಸಾದೋರು ನುಂಗೋಕಾಗಲ್ಲ ಅಂದರೆ ಮೊದಲು ಎಕ್ಸ್‌ರೇ ತೆಗೆಸಬೇಕು' ಎಂದ. ಡಾಕ್ಟರು ಕನ್ನಡಕದ ಮೇಲಿನಿಂದ ನೋಡಿದರು. 'ಅದು ನಂಗೊತ್ತಪ್ಪ. ನಲವತ್ತು ವರ್ಷದಿಂದ ಗೊತ್ತು. ಸ್ಯಾಂಪಲ್ ಇಟ್ಟು ಹೋಗು' ಎಂದರು. ಗೊತ್ತಿದ್ದವರಿಗೆ ಹೇಳಿದೆ. ಗೊತ್ತಿಲ್ಲದವಳಿಗೆ ಹೇಳಲಿಲ್ಲ.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಕೆಂಚಪ್ಪ ಕೊಟ್ಟಿಗೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಹಸುವಿಗೆ ಹುಲ್ಲು ಬಿಡಿಸುತ್ತಿದ್ದ. ಬಿಡಿಸಿದ್ದನ್ನೇ ಮತ್ತೆ ಬಿಡಿಸುತ್ತಿದ್ದ. ಸೇತುರಾಮ ಸ್ಕೂಟರು ನಿಲ್ಲಿಸಿ ಹತ್ತಿರ ಹೋಗಿ ನಿಂತ. 'ಸಾರ್' ಎಂದ ಕೆಂಚಪ್ಪ, ತಲೆಯೆತ್ತದೆ. 'ನಾನು ಎಂಥಾ ಮಗ ಸಾರ್? ಶಿಫ್ಟು ಶಿಫ್ಟು ಅಂತ ಓಡಾಡ್ಕೊಂಡು... ಯಶೋದ ಮುದ್ದೆ ವಿಚಾರ ಹೇಳ್ದಾಗ ಅವ್ವನ್ನೇ ಬೈದೆ ಸಾರ್. ವಯಸ್ಸಾದ ಕಾಲದಲ್ಲಿ ಸೊಕ್ಕು ಅಂದೆ. ಈ ಬಾಯಲ್ಲೇ ಅಂದೆ.' ಸೇತುರಾಮನಿಗೆ ಇನ್ನು ತಡೆಯಲಾಗಲಿಲ್ಲ. ಕೆಂಚಪ್ಪನ ಮೇಲಿನ ಕರುಣೆಯಿಂದಲೋ, ಈ ಹೊರೆಯನ್ನು ಇನ್ನೊಬ್ಬನ ಹೆಗಲ ಮೇಲಾದರೂ ಹಾಕಿ ಹಗುರವಾಗುವ ಆಸೆಯಿಂದಲೋ, ಅವನಿಗೇ ತಿಳಿಯಲಿಲ್ಲ. ಹೇಳಿಬಿಟ್ಟ. ಅವರೆಕಾಯಿ ಕಾಲದಿಂದ ಶುರುಮಾಡಿ, ಮೂರು ಮಾತ್ರೆ, ನಾಲ್ಕು ಮಾತ್ರೆ, ಗಾಳಿ ಸೋಕಿದ್ದಲ್ಲ ಎಂಬುದು, ಕೊನೆಯ ಪುಟ ಓದಿದ್ದು, ಓದಿಯೂ ಸುಮ್ಮನಿದ್ದದ್ದು. ಯಾವುದನ್ನೂ ಬಿಡಲಿಲ್ಲ. ಗೋಡೆಯಾಚೆ ಕೂತು ನಕ್ಕಿದ್ದೊಂದನ್ನು ಬಿಟ್ಟ.

ಕೆಂಚಪ್ಪ ಎದ್ದು ನಿಂತ. ಹುಲ್ಲಿನ ಧೂಳನ್ನು ಅಂಗೈಯಿಂದ ತಿಕ್ಕಿಕೊಂಡ. ಎತ್ತರದ ಆಳು, ದೊಡ್ಡ ಕೈ. ಹೊಡೆಯಲಿ ಎಂದು ಸೇತುರಾಮ ಮನಸಾರೆ ಬೇಡಿಕೊಂಡ. ಒಂದು ಬಿಟ್ಟರೆ ಸಾಕು, ತನ್ನ ಕನ್ನಡಕ ಹಾರಿಹೋಗಲಿ, ಬೀದಿಯವರೆಲ್ಲ ಬಂದು ನೋಡಲಿ, ನಾಳೆಯೇ ಮನೆ ಖಾಲಿ ಮಾಡು ಎನ್ನಲಿ. ಕೆಂಚಪ್ಪ ಹೊಡೆಯಲಿಲ್ಲ. ಇವನ ಟೈಯನ್ನೇ ನೋಡಿದ. 'ಒಂಬತ್ತು ತಿಂಗಳು' ಎಂದ. 'ಹೌದು.' 'ನನ್ನ ಹತ್ರ ಒಂದು ಮಾತು... ಗೋಡೆ ಒಂದೇ ಅಲ್ವಾ ಸಾರ್, ಅಡ್ಡ ಇದ್ದಿದ್ದು.' ಒಳಗಿನಿಂದ ಮುನಿತಾಯಮ್ಮನ ಕೆಮ್ಮು ಕೇಳಿತು. ಕೆಂಚಪ್ಪ ಬಾಗಿಲ ಕಡೆ ಒಮ್ಮೆ ನೋಡಿ, ದನಿ ಇಳಿಸಿದ. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಸೇತುರಾಮನಿಗೆ ಭಯವಾಯಿತು.

'ಅವ್ವಂಗೆ ಇದು ಗೊತ್ತಾಗ್ಬಾರ್ದು ಸಾರ್. ನನ್ನಾಣೆ. ಮನೆಗೆ ಬಂದಾಗ್ಲಿಂದ ನಿಮ್ಮನ್ನೇ ಕೇಳ್ತಾವ್ಳೆ, ಡಾಕ್ಟ್ರಪ್ಪ ಬಂದ್ರಾ, ಇವತ್ತು ಮಾತ್ರೆ ಕೊಡ್ನಿಲ್ಲ ಅಂತ. ಮಾತ್ರೆ ವಿಚಾರ ನಂಗೆ ಬಾಯಿಬಿಟ್ಟಿದ್ದು ಇವತ್ತೇ ಮೊದ್ಲು. ಯಾವ ಮಾತ್ರೆ ಅಂದ್ರೆ, ನೀನು ಸುಮ್ನಿರು, ಅವರು ಕೊಟ್ಟಿದ್ರಿಂದ್ಲೇ ಇಷ್ಟು ದಿನ ಉಳ್ದಿವ್ನಿ ಅಂತಾಳೆ. ಹಂಗೇ ಅಂದ್ಕೊಂಡು ಹೋಗ್ಲಿ. ನೀವು ಕೊಡ್ತಾ ಇರ್ಬೇಕು. ಕೊನೇಗಂಟ ದಿನಾ ಬಂದು ಕೊಡ್ಬೇಕು.'

'ಕೆಂಚಪ್ಪ, ನನ್ನ ಕೈಲಿ...'

'ಕೊಡ್ಬೇಕು ಸಾರ್' ಎಂದ ಕೆಂಚಪ್ಪ.

ಇಬ್ಬರೂ ಒಳಗೆ ಹೋದರು. ಮುನಿತಾಯಮ್ಮ ಗೋಡೆಗೆ ದಿಂಬು ಒರಗಿಸಿಕೊಂಡು ಕೂತಿದ್ದಳು. ಬೆಳಗಿನ ಒಳ್ಳೆ ಸೀರೆ ಬದಲಿಸಿದ್ದಳು. ಅವನನ್ನು ನೋಡಿ ಏಳಲು ಹೋದಳು, ಆಗಲಿಲ್ಲ, ಸೆರಗನ್ನು ಮಾತ್ರ ಸರಿಮಾಡಿಕೊಂಡಳು. ಸೇತುರಾಮ ಬ್ಯಾಗು ತೆರೆದು ಪಟ್ಟಿಯಿಂದ ಒಂದು ಮಾತ್ರೆ ಒಡೆದ. ಅಷ್ಟು ದೊಡ್ಡದು ಇಳಿಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಕೆಂಚಪ್ಪ ಅದನ್ನು ತೆಗೆದುಕೊಂಡು, ಒಂದು ಚಮಚದಲ್ಲಿ ಇನ್ನೊಂದು ಚಮಚದ ಬೆನ್ನಿನಿಂದ ಪುಡಿ ಮಾಡಿ, ಎರಡು ಹನಿ ನೀರು ಬಿಟ್ಟು, ಬೆರಳಿನಿಂದ ಕಲಸಿ, ತಾಯಿಯ ತುಟಿಗೆ ಹಿಡಿದ. 'ಕುಡಿಯವ್ವ. ಡಾಕ್ಟ್ರು ಕೊಟ್ಟಿದ್ದು' ಎಂದ. ಡಾಕ್ಟ್ರು ಎಂದು ಅವನು ಸೇತುರಾಮನನ್ನು ಕರೆದದ್ದು ಅದೇ ಮೊದಲು. ಮುನಿತಾಯಮ್ಮ ಕಣ್ಣು ಮುಚ್ಚಿ, ಕತ್ತಿನ ನರವೆಲ್ಲ ಬಿಗಿಹಿಡಿದು, ಆ ಎರಡು ಹನಿಯನ್ನು ಒಳಗೆ ಎಳೆದುಕೊಳ್ಳಲು ನೋಡಿದಳು. ಅರ್ಧ ಗಲ್ಲದ ಮೇಲೆ ಇಳಿಯಿತು, ಮಗ ಒರೆಸಿದ. ಆಮೇಲೆ ಚಮಚ ಕೈಯಲ್ಲಿ ಹಿಡಿದೇ ತಿರುಗಿ, ತಾಯಿಗೆ ಕೇಳಿಸುವ ಹಾಗೆ, ತುಂಬಾ ಮರ್ಯಾದೆಯಿಂದ ಕೇಳಿದ.

'ನಾಳೆಯಿಂದ ಯಾವ ಹೊತ್ತಿಗೆ ಕೊಡ್ಬೇಕು ಸಾರ್?'

ಮುನಿತಾಯಮ್ಮ ಕಣ್ಣು ತೆರೆದು ಇವನ ಬಾಯನ್ನೇ ನೋಡುತ್ತಿದ್ದಳು. ಸೇತುರಾಮ ಹೇಳಿದ.

'ಊಟಕ್ಕೆ ಅರ್ಧ ಗಂಟೆ ಮುಂಚೆ.'